ಮೊಡವೆ ಹೋದ ಮೇಲೆ ಉಳಿಯುವ ತಗ್ಗು: ಮಿರಜಿಗೆ ಹೋಗುವ ಮುನ್ನ ತಿಳಿದಿರಬೇಕಾದ ಮಾತು

ಹದಿನಾರು ಹದಿನೇಳರ ವಯಸ್ಸಿನಲ್ಲಿ ಮುಖದ ಮೇಲೆ ಗುಳ್ಳೆ ಏಳುವುದು ಸಹಜ. "ವಯಸ್ಸಿನ ಗುಳ್ಳೆ, ತಾನಾಗಿ ಹೋಗುತ್ತದೆ" ಎಂದು ಹಿರಿಯರು ಹೇಳುವುದೂ ಸುಳ್ಳಲ್ಲ. ಆದರೆ ಕೆಲವರಲ್ಲಿ ಅದು ಹೋಗುವಾಗ ಕೆನ್ನೆಯ ಮೇಲೆ ತಗ್ಗುಗಳನ್ನು ಬಿಟ್ಟು ಹೋಗುತ್ತದೆ. ಹೆಣ್ಣು ನೋಡಲು ಬಂದವರು ಏನೋ ಅಂದರೆಂದು ತಾಯಿ ಕೊರಗುತ್ತಾಳೆ. ಮಗ ಫೋಟೋ ತೆಗೆಸಿಕೊಳ್ಳಲು ಹಿಂದೆ ಸರಿಯುತ್ತಾನೆ. ಆಮೇಲೆ ಮುಲಾಮಿನ ಹುಡುಕಾಟ ಶುರುವಾಗುತ್ತದೆ. ನೆರೆಮನೆಯವರು ಹೇಳಿದ ಟ್ಯೂಬು, ಸಂತೆಯಲ್ಲಿ ಸಿಕ್ಕ ಡಬ್ಬಿ, ಕೊನೆಗೆ ಕಬ್ಬಿನ ಬಿಲ್ಲು ಕೈಗೆ ಬಂದಾಗ "ಒಂದೇ ಸಲಕ್ಕೆ ಮುಖ ಹಾಲಿನಂತೆ" ಎಂಬ ಜಾಹೀರಾತು ನೋಡಿ ಲೇಸರ್.

ಅಥಣಿ, ಕಾಗವಾಡ, ರಾಯಬಾಗ, ಕುಡಚಿ, ಜತ್ತ ಕಡೆಯ ನಮ್ಮ ಜನರಿಗೆ ದವಾಖಾನೆ ಎಂದರೆ ಮಿರಜ. ಡಾ. ವಿಲಿಯಂ ವಾನ್ಲೆಸ್ ಅವರು 1894ರಲ್ಲಿ ಅಲ್ಲಿ ಮಿಷನ್ ಆಸ್ಪತ್ರೆ ತೆರೆದಂದಿನಿಂದ ಗಡಿಯ ಈಚೆಯ ಕನ್ನಡ ಊರುಗಳಿಂದ ರೋಗಿಗಳು ಆ ಊರಿಗೆ ಹೋಗುತ್ತಲೇ ಇದ್ದಾರೆ. ಇಂದು ಮಿರಜ ಮತ್ತು ಸಾಂಗಲಿಯಲ್ಲಿ ಚರ್ಮದ ವೈದ್ಯರೂ ಇದ್ದಾರೆ, ಅಂದ ಹೆಚ್ಚಿಸುತ್ತೇವೆ ಎಂದು ಬೋರ್ಡು ಹಾಕಿದ ಅಂಗಡಿಗಳೂ ಇವೆ. ಎರಡಕ್ಕೂ ಇರುವ ವ್ಯತ್ಯಾಸ ತಿಳಿಯದೆ ಹಣವನ್ನೂ ಚರ್ಮವನ್ನೂ ಕಳೆದುಕೊಳ್ಳಬಾರದೆಂದು ಈ ಲೇಖನ ಬರೆಯುತ್ತಿದ್ದೇವೆ. ಹೇಳಬೇಕಾದ ಮುಖ್ಯ ಮಾತು ಒಂದೇ: ಮೊಡವೆಯ ತಗ್ಗನ್ನು ಕಡಿಮೆ ಮಾಡಬಹುದು, ಪೂರ್ತಿ ಅಳಿಸಲಾಗದು, ಕಡಿಮೆ ಮಾಡುವುದಕ್ಕೂ ಒಂದು ಕ್ರಮವಿದೆ. ಆ ಕ್ರಮ ತಪ್ಪಿದರೆ ಇದ್ದದ್ದೂ ಕೆಡುತ್ತದೆ.

ಕಲೆ ಬೇರೆ, ತಗ್ಗು ಬೇರೆ

ಗುಳ್ಳೆ ಮಾಯ್ದ ಜಾಗದಲ್ಲಿ ಕಪ್ಪು ಅಥವಾ ಕಂದು ಗುರುತು ಉಳಿಯುವುದುಂಟು. ಕಣ್ಣು ಮುಚ್ಚಿ ಬೆರಳಿನಿಂದ ಸವರಿ ನೋಡಿರಿ. ಚರ್ಮ ಸಮವಾಗಿದ್ದು ಬಣ್ಣ ಮಾತ್ರ ಬೇರೆ ಇದ್ದರೆ ಅದು ಬರೀ ಕಲೆ. ಉರಿಯೂತವಾದ ಜಾಗದಲ್ಲಿ ಚರ್ಮವು ಬಣ್ಣವನ್ನು ಹೆಚ್ಚು ತಯಾರಿಸಿದ್ದರಿಂದ ಬಂದದ್ದು. ನಮ್ಮಂಥ ಕಂದು ಚರ್ಮದವರಲ್ಲಿ ಇದು ಬಹಳ ಸಾಮಾನ್ಯ. ಬಿಸಿಲಿನಿಂದ ಮುಖವನ್ನು ಕಾಪಾಡಿಕೊಂಡರೆ ಕೆಲವು ತಿಂಗಳುಗಳಲ್ಲಿ, ಕೆಲವರಲ್ಲಿ ಒಂದು ವರ್ಷದೊಳಗೆ, ತಾನಾಗಿ ತಿಳಿಯಾಗುತ್ತದೆ. ಇದಕ್ಕೆ ಲೇಸರಿನ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ.

ಬೆರಳಿಗೆ ತಗ್ಗು ತಾಕಿದರೆ, ಅಥವಾ ರಾತ್ರಿ ದೀಪವನ್ನು ಮುಖದ ಪಕ್ಕಕ್ಕೆ ಹಿಡಿದಾಗ ನೆರಳು ಬಿದ್ದು ಗುಂಡಿಗಳು ಕಂಡರೆ, ಅದು ನಿಜವಾದ ಗಾಯದ ಗುರುತು. ಗುಳ್ಳೆಯ ಕೀವು ಚರ್ಮದ ಮೇಲ್ಪದರದಲ್ಲೇ ನಿಲ್ಲದೆ ಒಳಪದರಕ್ಕೆ ಇಳಿದಾಗ ಅಲ್ಲಿ ಚರ್ಮವನ್ನು ಎತ್ತಿ ಹಿಡಿದಿರುವ ಕೊಲಾಜನ್ ಎಂಬ ನಾರು ಕರಗಿಹೋಗುತ್ತದೆ. ಗಾಯ ಮಾಯುವಾಗ ಅಷ್ಟು ನಾರು ಮತ್ತೆ ಬೆಳೆಯದಿದ್ದರೆ ಮೇಲಿನ ಚರ್ಮ ಒಳಕ್ಕೆ ಕುಸಿಯುತ್ತದೆ. ಬದುವಿನ ಒಳಗಿನ ಮಣ್ಣು ಕೊಚ್ಚಿಹೋದರೆ ಮೇಲಿನ ಹುಲ್ಲು ಕೆಳಗೆ ಕುಳಿತುಕೊಳ್ಳುವಂತೆ. ಮೇಲೆ ಎಷ್ಟು ಮುಲಾಮು ಬಳಿದರೂ ಒಳಗಿನ ಮಣ್ಣು ತುಂಬುವುದಿಲ್ಲ ಎಂಬುದನ್ನು ಇದರಿಂದಲೇ ತಿಳಿಯಬಹುದು.

ತಗ್ಗುಗಳಲ್ಲಿ ಮೂರು ಬಗೆ. 2001ರಿಂದ ವೈದ್ಯರು ಹೆಚ್ಚಾಗಿ ಈ ವಿಂಗಡಣೆಯನ್ನೇ ಬಳಸುತ್ತಾರೆ. ಮೊದಲನೆಯದು ಸೂಜಿಯಿಂದ ಚುಚ್ಚಿದಂತೆ ಬಾಯಿ ಸಣ್ಣದಾಗಿ ಆಳವಾಗಿರುವ ತೂತು. ಎರಡನೆಯದು ಅಂಚು ನೆಟ್ಟಗೆ ಕಡಿದಂತಿರುವ ಅಗಲವಾದ ಗುಂಡಿ. ಸೀತಾಳೆ ಸಿಡುಬಿನ ಗುರುತೂ ಹೀಗೆಯೇ ಇರುತ್ತದೆ. ಮೂರನೆಯದು ಅಂಚು ಕಾಣದ, ಅಲೆಯಂತೆ ಏರಿಳಿಯುವ ತಗ್ಗು; ಇದರ ಅಡಿಯಲ್ಲಿ ನಾರಿನ ಎಳೆಗಳು ಚರ್ಮವನ್ನು ಕೆಳಗೆ ಕಟ್ಟಿ ಹಿಡಿದಿರುತ್ತವೆ. ಇವಲ್ಲದೆ ಕೆಲವರಿಗೆ, ವಿಶೇಷವಾಗಿ ದವಡೆ, ಎದೆ, ಭುಜಗಳ ಮೇಲೆ, ತಗ್ಗಿನ ಬದಲು ಗಟ್ಟಿಯಾದ ಉಬ್ಬು ಏಳುತ್ತದೆ. ಒಬ್ಬರ ಮುಖದಲ್ಲೇ ಎರಡು ಮೂರು ಬಗೆ ಕೂಡಿರುವುದೂ ಉಂಟು. ಪ್ರತಿಯೊಂದಕ್ಕೂ ಚಿಕಿತ್ಸೆ ಬೇರೆ. ಆದುದರಿಂದ ಮುಖವನ್ನು ಮುಟ್ಟಿ ನೋಡದೆ ಫೋನಿನಲ್ಲೇ "ಇಷ್ಟು ಸಿಟ್ಟಿಂಗ್, ಇಷ್ಟು ಹಣ" ಎಂದು ಹೇಳುವವರನ್ನು ನಂಬಬೇಡಿರಿ.

ಮೊದಲು ಗುಳ್ಳೆ ನಿಲ್ಲಲಿ

ಹೊಸ ಗುಳ್ಳೆಗಳು ಏಳುತ್ತಿರುವಾಗಲೇ ಹಳೆಯ ತಗ್ಗಿಗೆ ಹಣ ಸುರಿಯುವುದು ಒಡ್ಡು ಹಾಕದೆ ಹೊಲ ಸಮ ಮಾಡಿದಂತೆ. ಮುಂದಿನ ಮಳೆಗೆ ಮತ್ತೆ ಕೊಚ್ಚಿಹೋಗುತ್ತದೆ. ಗುಳ್ಳೆಯನ್ನು ಬೇಗ ಹತೋಟಿಗೆ ತರುವುದೇ ತಗ್ಗು ಬೀಳದಂತೆ ತಡೆಯುವ ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಒಳ್ಳೆಯ ದಾರಿ. ಕೀವು ತುಂಬಿದ, ನೋಯುವ, ಗಂಟಿನಂಥ ಗುಳ್ಳೆ ಬರುತ್ತಿದ್ದರೆ "ವಯಸ್ಸು ಕಳೆಯಲಿ" ಎಂದು ಕಾಯಬಾರದು.

ಸಾಧಾರಣ ಗುಳ್ಳೆಗೆ ವೈದ್ಯರು ಬೆಂಜಾಯ್ಲ್ ಪೆರಾಕ್ಸೈಡ್, ಅಡಾಪಲೀನ್ ಮೊದಲಾದ ಹಚ್ಚುವ ಔಷಧಿ ಕೊಡುತ್ತಾರೆ. ಫಲ ಕಾಣಲು ಎರಡು ಮೂರು ತಿಂಗಳು ಬೇಕು. ಎಂಟು ದಿನ ಹಚ್ಚಿ "ಗುಣವಿಲ್ಲ" ಎಂದು ಬಿಡಬಾರದು. ತೀವ್ರವಾದ ಗುಳ್ಳೆಗೆ ಐಸೊಟ್ರೆಟಿನಾಯಿನ್ ಎಂಬ ಗುಳಿಗೆಯಿದೆ. ಇದು ಬಲವಾದ ಔಷಧಿ, ಗುಣವೂ ಚೆನ್ನಾಗಿದೆ. ಆದರೆ ಗರ್ಭದಲ್ಲಿರುವ ಕೂಸಿಗೆ ಇದರಿಂದ ಘೋರ ಅಂಗವೈಕಲ್ಯ ಉಂಟಾಗುತ್ತದೆ. ಹೆಣ್ಣುಮಕ್ಕಳು ಇದನ್ನು ನುಂಗುತ್ತಿರುವಾಗಲೂ ನಿಲ್ಲಿಸಿದ ಮೇಲೆ ಒಂದು ತಿಂಗಳವರೆಗೂ ಗರ್ಭ ಧರಿಸಬಾರದು. ಮದುವೆ ಗೊತ್ತಾಗಿದ್ದರೆ ಸಂಕೋಚಪಡದೆ ವೈದ್ಯರಿಗೆ ಮೊದಲೇ ಹೇಳಿರಿ. ಒಬ್ಬರಿಗೆ ಬರೆದುಕೊಟ್ಟ ಚೀಟಿಯಿಂದ ಅಕ್ಕ-ತಂಗಿಯರಿಬ್ಬರೂ ಗುಳಿಗೆ ನುಂಗುವುದು ಕೂಡದು.

ಮನೆಯಲ್ಲಿ ನಾವೇ ಮಾಡಬಹುದಾದ ಕೆಲವು ಸಂಗತಿಗಳಿವೆ. ಗುಳ್ಳೆಯನ್ನು ಹಿಚುಕಬಾರದು, ಹಿಚುಕಿದರೆ ಕೀವು ಹೊರಗೆ ಬಂದಷ್ಟೇ ಒಳಗೂ ಒಡೆಯುತ್ತದೆ. ತಲೆಗೆ ಹಚ್ಚಿದ ಎಣ್ಣೆ ಹಣೆಗೆ ಇಳಿದರೆ ಅಲ್ಲಿ ಗುಳ್ಳೆ ಹೆಚ್ಚುತ್ತದೆ. ಟ್ರ್ಯಾಕ್ಟರ್, ಪಂಪ್‌ಸೆಟ್ ರಿಪೇರಿ ಮಾಡುವ ಹುಡುಗರು ಗ್ರೀಸ್ ಮೆತ್ತಿದ ಕೈಯಿಂದ ಮುಖ ಒರೆಸಿಕೊಳ್ಳಬಾರದು. ಧೂಳಿಗೆ ಕಟ್ಟಿಕೊಂಡ ಟವೆಲ್ಲನ್ನು ದಿನಾಲೂ ಒಗೆಯಬೇಕು. ದಿನಕ್ಕೆ ಎರಡು ಸಲ ಸೌಮ್ಯವಾದ ಸಾಬೂನಿನಿಂದ ಮುಖ ತೊಳೆದರೆ ಸಾಕು. ತಿಕ್ಕಿ ತಿಕ್ಕಿ ತೊಳೆದರೆ ಗುಳ್ಳೆ ಕೆರಳುತ್ತದೆ.

ಚೀಟಿಯಿಲ್ಲದ ಟ್ಯೂಬಿನ ಅಪಾಯ

ನಮ್ಮ ಊರುಗಳಲ್ಲಿ ಹೆಚ್ಚು ಹಾನಿ ಮಾಡುತ್ತಿರುವುದು ಲೇಸರ್ ಅಲ್ಲ, ಔಷಧ ಅಂಗಡಿಯಲ್ಲಿ "ಮುಖಕ್ಕೆ ಏನಾದರೂ ಕೊಡಿ" ಎಂದು ಕೇಳಿ ತರುವ ಟ್ಯೂಬು. ಇವುಗಳಲ್ಲಿ ಹಲವುದರಲ್ಲಿ ಸ್ಟಿರಾಯ್ಡ್ ಇರುತ್ತದೆ. ಹಚ್ಚಿದ ಮೊದಲ ವಾರ ಕೆಂಪು ಇಳಿದು ಮುಖ ಬೆಳ್ಳಗಾದಂತೆ ಕಾಣುತ್ತದೆ. ಅದರಿಂದಲೇ ಜನ ಅದನ್ನು ಬಿಡುವುದಿಲ್ಲ. ತಿಂಗಳುಗಟ್ಟಲೆ ಹಚ್ಚಿದಾಗ ಚರ್ಮ ತೆಳುವಾಗುತ್ತದೆ, ಸಣ್ಣ ರಕ್ತನಾಳಗಳು ಕೆಂಪಾಗಿ ಹೊರಗೆ ಕಾಣುತ್ತವೆ, ಹೆಣ್ಣುಮಕ್ಕಳ ಮುಖದಲ್ಲಿ ಕೂದಲು ಹೆಚ್ಚುತ್ತದೆ, ಗುಳ್ಳೆ ಮೊದಲಿಗಿಂತ ಹೆಚ್ಚಾಗಿ ಏಳುತ್ತದೆ. ಬಿಟ್ಟರೆ ಉರಿ, ಹಚ್ಚಿದರೆ ಹಾನಿ ಎಂಬ ಸ್ಥಿತಿ ಬರುತ್ತದೆ. ಇದನ್ನು ಕಂಡೇ ಕೇಂದ್ರ ಸರಕಾರ 2018ರ ಮಾರ್ಚ್‌ನಲ್ಲಿ 14 ಬಗೆಯ ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಮಾಡಿತು. ಈಗಾಗಲೇ ಬಹುಕಾಲ ಇಂಥದ್ದನ್ನು ಹಚ್ಚುತ್ತಿದ್ದರೆ ಹೆದರಿ ಮುಚ್ಚಿಡಬೇಡಿರಿ. ಟ್ಯೂಬನ್ನು ಕೈಯಲ್ಲಿ ಹಿಡಿದುಕೊಂಡೇ ಚರ್ಮದ ವೈದ್ಯರ ಬಳಿಗೆ ಹೋಗಿರಿ. ಅದನ್ನು ಬಿಡಿಸುವ ರೀತಿ ಅವರಿಗೆ ಗೊತ್ತು.

ಹೆಸರು ವಿಳಾಸವಿಲ್ಲದ ಬಿಳುಪಿನ ಕ್ರೀಮುಗಳು ಇನ್ನೂ ಕೆಟ್ಟವು. ಕೆಲವುದರಲ್ಲಿ ಪಾದರಸ ಇರುತ್ತದೆ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂಥ ಕ್ರೀಮು ಹಚ್ಚಿದವರಿಗೆ ಮೂತ್ರಪಿಂಡದ ಕಾಯಿಲೆ ಬಂದದ್ದನ್ನು ವೈದ್ಯರು ಗುರುತಿಸಿದರು. ಮುಖಕ್ಕೆ ಹಚ್ಚಿದ್ದು ಮೂತ್ರಪಿಂಡಕ್ಕೆ ತಟ್ಟುತ್ತದೆ ಎಂದರೆ ಎಷ್ಟು ಎಚ್ಚರ ಬೇಕೆಂದು ಯೋಚಿಸಿರಿ.

ಅರಿಶಿಣದ ಮಾತು ಬಿಟ್ಟರೆ ಸಾಂಗಲಿಯ ಸುದ್ದಿ ಪೂರ್ತಿಯಾಗದು. ಸಾಂಗಲಿಯ ಅರಿಶಿಣಕ್ಕೆ 2018ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಅದರ ಗುಣದ ಬಗ್ಗೆ ನಮಗೂ ಹೆಮ್ಮೆಯಿದೆ. ಮದುವೆಯ ಅರಿಶಿಣ ಹಚ್ಚಿಕೊಳ್ಳಲು ಅಡ್ಡಿಯಿಲ್ಲ. ಆದರೆ ಅರಿಶಿಣದಿಂದ ತಗ್ಗು ತುಂಬುವುದಿಲ್ಲ. ನಿಂಬೆರಸ, ಸೋಡಾ ಪುಡಿ, ಹಲ್ಲುಜ್ಜುವ ಪೇಸ್ಟು ಇವು ಚರ್ಮವನ್ನು ಸುಟ್ಟು ಹೊಸ ಕಪ್ಪು ಕಲೆ ತರುತ್ತವೆ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರಂತೂ ಚರ್ಮ ಬೊಬ್ಬೆ ಏಳಬಹುದು.

ಯಾವ ತಗ್ಗಿಗೆ ಯಾವ ಚಿಕಿತ್ಸೆ

ಗುಳ್ಳೆ ಹತೋಟಿಗೆ ಬಂದ ಮೇಲೆ ವೈದ್ಯರು ಮುಖ ಪರೀಕ್ಷಿಸಿ ಕೆಳಗಿನವುಗಳಲ್ಲಿ ಒಂದನ್ನೋ ಎರಡು ಮೂರನ್ನು ಕೂಡಿಸಿಯೋ ಹೇಳಬಹುದು. ಹೆಸರುಗಳನ್ನು ತಿಳಿದಿದ್ದರೆ ಪ್ರಶ್ನೆ ಕೇಳಲು ನಿಮಗೆ ಧೈರ್ಯ ಬರುತ್ತದೆ.

ಕೆಮಿಕಲ್ ಪೀಲ್: ಅಳತೆ ಮಾಡಿದ ಆಮ್ಲವನ್ನು ಹಚ್ಚಿ ಚರ್ಮದ ಮೇಲಿನ ತೆಳು ಪದರವನ್ನು ಸುಲಿಯುವಂತೆ ಮಾಡುವುದು. ಬಣ್ಣದ ಕಲೆಗೆ, ತೀರಾ ಮೇಲ್ಮಟ್ಟದ ತಗ್ಗಿಗೆ ಇದು ಸಾಕು. ಆಳದ ಗುಂಡಿಗೆ ಇದರಿಂದ ಹೆಚ್ಚು ಫಲವಿಲ್ಲ. ಸೂಜಿ ಚುಚ್ಚಿದಂಥ ತೂತಿಗೆ ಮಾತ್ರ, ಆ ತೂತಿನೊಳಗಷ್ಟೇ ಕಡ್ಡಿಯಿಂದ ಬಲವಾದ ಆಮ್ಲ ಮುಟ್ಟಿಸುವ ಬೇರೊಂದು ವಿಧಾನವಿದೆ. ಕೊರಿಯಾದ ವೈದ್ಯರು 2002ರಲ್ಲಿ ಅದನ್ನು ಪ್ರಕಟಿಸಿದರು. ಅಗ್ಗದ್ದು, ಆದರೆ ಕೈ ಪಳಗಿದ ವೈದ್ಯರೇ ಮಾಡಬೇಕು.

ಸೂಜಿ ರೋಲರ್: ಸಣ್ಣ ಸೂಜಿಗಳಿರುವ ಉಪಕರಣವನ್ನು ಮರಗಟ್ಟಿಸಿದ ಚರ್ಮದ ಮೇಲೆ ಆಡಿಸುವುದು. ಸಾವಿರಾರು ಸೂಕ್ಷ್ಮ ಗಾಯಗಳು ಮಾಯುವಾಗ ಒಳಗೆ ಹೊಸ ಕೊಲಾಜನ್ ಬೆಳೆಯುತ್ತದೆ. ಅಲೆಯಂಥ ತಗ್ಗಿಗೂ ಆಳವಿಲ್ಲದ ಗುಂಡಿಗೂ ಒಳ್ಳೆಯದು. ಮೇಲ್ಪದರ ಉಳಿಯುವುದರಿಂದ ಕಂದು ಚರ್ಮದವರಿಗೆ ಕಪ್ಪಾಗುವ ಭಯ ಕಡಿಮೆ. ಎರಡು ಮೂರು ದಿನ ಮುಖ ಕೆಂಪಗಿರುತ್ತದೆ. ಪೇಟೆಯಲ್ಲಿ ಸಿಗುವ ರೋಲರ್ ತಂದು ಮನೆಯಲ್ಲೇ ಆಡಿಸಿಕೊಳ್ಳುವುದು, ಅದೇ ಸೂಜಿಯನ್ನು ಇಬ್ಬರು ಬಳಸುವುದು ಅಪಾಯ. ರಕ್ತದಿಂದ ಹರಡುವ ರೋಗಗಳು ಅಂಟಬಹುದು.

ಸಬ್‌ಸಿಷನ್: ಚರ್ಮದ ಅಡಿಯಲ್ಲಿ ಸೂಜಿ ತೂರಿಸಿ ಚರ್ಮವನ್ನು ಕೆಳಗೆ ಕಟ್ಟಿರುವ ನಾರಿನ ಎಳೆಗಳನ್ನು ಕತ್ತರಿಸಿ ಬಿಡಿಸುವುದು. ಅಮೆರಿಕದಲ್ಲಿ 1995ರಲ್ಲಿ ಈ ಹೆಸರಿನಿಂದ ಪ್ರಕಟವಾದ ವಿಧಾನ. ಅಲೆಯಂಥ ತಗ್ಗಿಗೆ ಇದೇ ಸರಿಯಾದ ಮದ್ದು. ದೊಡ್ಡ ಯಂತ್ರ ಬೇಡ, ನುರಿತ ಕೈ ಬೇಕು. ಒಂದು ವಾರ ಹತ್ತು ದಿನ ಮುಖ ಬಾತು ನೀಲಿಗಟ್ಟುವುದುಂಟು.

ಪಂಚ್ ವಿಧಾನ: ತೀರಾ ಆಳದ ತೂತನ್ನು ಸಣ್ಣ ಕೊಳವೆಯಂಥ ಅಲಗಿನಿಂದ ಕತ್ತರಿಸಿ ತೆಗೆದು ಹೊಲಿಗೆ ಹಾಕುವುದು, ಇಲ್ಲವೇ ಗುಂಡಿಯ ತಳವನ್ನು ಮೇಲಕ್ಕೆ ಎತ್ತಿ ಕೂರಿಸುವುದು. ಬೆರಳೆಣಿಕೆಯ ಆಳದ ಗುಂಡಿಗಳಿದ್ದರೆ ಇದು ಉಪಯುಕ್ತ.

ಲೇಸರ್: ಹಿಂದಿನ ಲೇಸರ್ ಚಿಕಿತ್ಸೆಯಲ್ಲಿ ಮುಖದ ಇಡೀ ಮೇಲ್ಪದರ ಸುಲಿಯುತ್ತಿತ್ತು, ಕಂದು ಚರ್ಮದವರು ಕಪ್ಪಾಗುತ್ತಿದ್ದರು. 2004ರಲ್ಲಿ ಬಂದ ಹೊಸ ಪದ್ಧತಿಯಲ್ಲಿ ಕಿರಣವು ಚುಕ್ಕಿ ಚುಕ್ಕಿಯಾಗಿ ಮಾತ್ರ ಇಳಿಯುತ್ತದೆ, ನಡುವಿನ ಚರ್ಮ ಹಾಗೆಯೇ ಉಳಿಯುತ್ತದೆ. ನಾಟಿಗೆ ಅಲ್ಲಲ್ಲಿ ಕುಣಿ ತೋಡಿ ನಡುವೆ ನೆಲ ಬಿಟ್ಟಂತೆ. ಆ ಉಳಿದ ಚರ್ಮವೇ ಗಾಯವನ್ನು ಬೇಗ ಮಾಯಿಸುತ್ತದೆ. ಅಂಚುಳ್ಳ ಗುಂಡಿಗಳಿಗೆ ಫಲ ಚೆನ್ನಾಗಿದೆ. ಖರ್ಚು ಮಾತ್ರ ಹೆಚ್ಚು, ಒಂದೊಂದು ಸಲಕ್ಕೂ ಕೆಲವು ಸಾವಿರ ರೂಪಾಯಿ. ಕೆಲವು ಕಾಲ ಕಪ್ಪಾಗುವ ಸಂಭವ ಈಗಲೂ ಇದೆ.

ಉಬ್ಬಿದ ಗುರುತಿಗೆ ಇವು ಯಾವುವೂ ಅಲ್ಲ. ಅದರೊಳಗೆ ವೈದ್ಯರು ಸ್ಟಿರಾಯ್ಡ್ ಸೂಜಿ ಮದ್ದು ಕೊಡುತ್ತಾರೆ, ಮೇಲೆ ಸಿಲಿಕೋನ್ ಜೆಲ್ ಹಚ್ಚಲು ಹೇಳುತ್ತಾರೆ. ಇಲ್ಲಿ ಸ್ಟಿರಾಯ್ಡ್ ವೈದ್ಯರ ಕೈಯಲ್ಲಿ, ಗಟ್ಟಿ ಗಂಟಿನ ಒಳಗೆ ಮಾತ್ರ ಹೋಗುವುದರಿಂದ ಮದ್ದಾಗುತ್ತದೆ. ಕಿವಿ ಚುಚ್ಚಿಸಿದಾಗ ಅಥವಾ ಸುಟ್ಟಾಗ ಗಂಟು ಬೆಳೆದವರು ಅದನ್ನು ಮೊದಲೇ ಹೇಳಬೇಕು. ಅಂಥವರಿಗೆ ಲೇಸರ್, ಸುಲಿಯುವ ಚಿಕಿತ್ಸೆಗಳಿಂದ ಹೊಸ ಗಂಟು ಏಳಬಹುದು.

ಸಾಮಾನ್ಯವಾಗಿ ಸೂಜಿ ರೋಲರ್, ಲೇಸರುಗಳಿಗೆ ನಾಲ್ಕರಿಂದ ಆರು ವಾರಗಳ ಅಂತರದಲ್ಲಿ ಮೂರು ಅಥವಾ ಹೆಚ್ಚು ಸಲ ಹೋಗಬೇಕಾಗುತ್ತದೆ. ಕೊಲಾಜನ್ ನಿಧಾನವಾಗಿ ಬೆಳೆಯುವುದರಿಂದ ಪೂರ್ಣ ಫಲ ಕಾಣಲು ಕೊನೆಯ ಸಲದ ನಂತರವೂ ಕೆಲವು ತಿಂಗಳು ಬೇಕು. ತಗ್ಗು ಅರ್ಧದಷ್ಟು ಕಡಿಮೆಯಾದರೂ ಒಳ್ಳೆಯ ಫಲವೆಂದೇ ತಿಳಿಯಬೇಕು.

ಹೊಲದ ಕೆಲಸ ಮತ್ತು ಬಿಸಿಲು

ಪಟ್ಟಣದ ಕಚೇರಿಯಲ್ಲಿ ಕುಳಿತವರಿಗೂ ನಮಗೂ ದೊಡ್ಡ ವ್ಯತ್ಯಾಸ ಇಲ್ಲಿದೆ. ಚಿಕಿತ್ಸೆಯಾದ ಚರ್ಮ ಹೊಸದಾಗಿ ಮೊಳೆತ ಸಸಿಯಂತೆ. ಮರುದಿನವೇ ಕಬ್ಬು ಕಡಿಯಲು, ದ್ರಾಕ್ಷಿಯ ಚಾಟ್ನಿಗೆ, ಅರಿಶಿಣ ಕೀಳಲು ಹೋದರೆ ಮುಖ ಕಪ್ಪಾಗುತ್ತದೆ. ಹಣವೂ ಹೋಯಿತು, ಹೊಸ ಕಲೆಯೂ ಬಂತು ಎಂದಾಗುತ್ತದೆ. ದ್ರಾಕ್ಷಿ ತೋಟದವರು ಇನ್ನೊಂದನ್ನು ನೆನಪಿಡಬೇಕು: ಗಾಯ ಮಾಯುವವರೆಗೆ ಗಂಧಕ, ಮೈಲುತುತ್ತ, ಕೀಟನಾಶಕ ಸಿಂಪಡಿಸುವ ಕೆಲಸದ ಹತ್ತಿರಕ್ಕೂ ಹೋಗಬಾರದು.

ಆದುದರಿಂದ ಚಿಕಿತ್ಸೆಯ ದಿನವನ್ನು ಹೊಲದ ಕೆಲಸ ನೋಡಿ ಗೊತ್ತುಮಾಡಿರಿ. ಮಾರ್ಚ್‌ನಿಂದ ಮೇವರೆಗಿನ ಸುಡುಬಿಸಿಲು ಬೇಡ. ಕನಿಷ್ಠ ಒಂದು ವಾರ ಹತ್ತು ದಿನ ಮನೆಯೊಳಗೆ ಇರಲು ಸಾಧ್ಯವಾಗುವ ಕಾಲ ಆರಿಸಿಕೊಳ್ಳಿರಿ. ಆಮೇಲೂ ಕೆಲವು ತಿಂಗಳು ಹೊರಗೆ ಹೋಗುವಾಗ ಅಗಲ ಅಂಚಿನ ಟೋಪಿ ಅಥವಾ ಸೆರಗು, ಮತ್ತು 30ಕ್ಕಿಂತ ಹೆಚ್ಚಿನ ಎಸ್‌ಪಿಎಫ್ ಇರುವ ಸನ್‌ಸ್ಕ್ರೀನ್ ಬೇಕು. ಎರಡು ಬೆರಳಿನ ಉದ್ದಕ್ಕೆ ಹಿಂಡಿದಷ್ಟು ಮುಖ ಕುತ್ತಿಗೆಗೆ ಹಚ್ಚಬೇಕು. ಬೆವರು ಸುರಿಯುವ ಕೆಲಸದಲ್ಲಿ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಇಷ್ಟು ಮಾಡಲು ಆಗದವರು ಲೇಸರಿಗೆ ಹಣ ಹಾಕದಿರುವುದೇ ಲೇಸು.

ನಮ್ಮಲ್ಲಿ ಮದುವೆಗಳು ಹೆಚ್ಚಾಗಿ ತಪಸ್ಸು ಕಾಲ ಮುಗಿದು ಪಾಸ್ಖ ಹಬ್ಬ ಕಳೆದ ಮೇಲೆ ನಡೆಯುತ್ತವೆ. ದೇವಾಲಯದಲ್ಲಿ ಮದುವೆಯ ಪ್ರಕಟಣೆ ಓದುವ ಹೊತ್ತಿಗೆ ಮುಖದ ಚಿಕಿತ್ಸೆ ನೆನಪಾದರೆ ತಡವಾಯಿತೆಂದೇ ಅರ್ಥ. ಹಿಂದಿನ ಮಳೆಗಾಲದಲ್ಲೇ ಆರಂಭಿಸಿದರೆ ಸಮಯ ಸಿಗುತ್ತದೆ.

ಎಲ್ಲಿಗೆ ಹೋಗಬೇಕು, ಏನು ಕೇಳಬೇಕು

ಮಿರಜಿನ ಸರಕಾರಿ ವೈದ್ಯಕೀಯ ಕಾಲೇಜು 1962ರಲ್ಲಿ ಆರಂಭವಾಯಿತು. ಅದರ ಆಸ್ಪತ್ರೆ ಮಿರಜಿನಲ್ಲೂ, ವಸಂತದಾದಾ ಪಾಟೀಲರ ಹೆಸರಿನ ಸರಕಾರಿ ಆಸ್ಪತ್ರೆ ಸಾಂಗಲಿಯಲ್ಲೂ ಇವೆ. ಮೊದಲು ಅಲ್ಲಿನ ಚರ್ಮರೋಗ ವಿಭಾಗದಲ್ಲಿ ಕೇಸ್ ಪೇಪರ್ ಮಾಡಿಸಿ ತೋರಿಸಿರಿ. ಗುಳ್ಳೆಯ ಔಷಧಿ ಅಲ್ಲೇ ಆಗಬಹುದು. ತಗ್ಗಿಗೆ ಬೇರೆಡೆ ಹೋಗಬೇಕಾದರೂ ಯಾವ ಬಗೆಯ ತಗ್ಗು, ಯಾವ ಚಿಕಿತ್ಸೆ ಎಂಬುದು ಕೈಯಲ್ಲಿ ಚೀಟಿಯಾಗಿ ಇರುತ್ತದೆ. ಅಂದದ ಚಿಕಿತ್ಸೆಗೆ ಆರೋಗ್ಯ ವಿಮೆಯವರು ಸಾಮಾನ್ಯವಾಗಿ ಹಣ ಕೊಡುವುದಿಲ್ಲ ಎಂಬುದನ್ನೂ ಲೆಕ್ಕದಲ್ಲಿಡಿರಿ.

ಖಾಸಗಿಯಾಗಿ ಹೋಗುವಾಗ ಈ ಪ್ರಶ್ನೆಗಳನ್ನು ಕೇಳಿರಿ:

1. ಚಿಕಿತ್ಸೆ ಮಾಡುವವರು ಎಂಬಿಬಿಎಸ್ ಮೇಲೆ ಚರ್ಮರೋಗದಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪ್ಲೊಮಾ ಮಾಡಿದ ವೈದ್ಯರೇ? ನೋಂದಣಿ ಸಂಖ್ಯೆ ಇದೆಯೇ?
2. ಯಂತ್ರ ಹಿಡಿಯುವವರು ಆ ವೈದ್ಯರೋ, ಸಹಾಯಕರೋ?
3. ನನ್ನ ತಗ್ಗು ಯಾವ ಬಗೆಯದು? ಎಷ್ಟು ಸಲ ಬರಬೇಕು? ಒಟ್ಟು ಖರ್ಚೆಷ್ಟು?
4. ಕಪ್ಪಾದರೆ ಏನು ಮಾಡುತ್ತೀರಿ?
5. ಮೊದಲು ಒಂದು ಸಲ ಮಾಡಿಸಿ ನೋಡಿ ಮುಂದಿನದಕ್ಕೆ ಹಣ ಕಟ್ಟಬಹುದೇ?

ಇಡೀ ಪ್ಯಾಕೇಜಿನ ಹಣವನ್ನು ಮೊದಲೇ ಕಟ್ಟಿಸಿಕೊಳ್ಳುವವರಲ್ಲಿ ಎಚ್ಚರ. "ನೂರಕ್ಕೆ ನೂರು ಹೋಗುತ್ತದೆ" ಎನ್ನುವವರಲ್ಲಿ ಇನ್ನೂ ಎಚ್ಚರ. ನೀವು ಹೇಳಬೇಕಾದವೂ ಇವೆ: ಗರ್ಭಿಣಿಯೇ, ಸಕ್ಕರೆ ಕಾಯಿಲೆ ಇದೆಯೇ, ತುಟಿಯ ಮೇಲೆ ಪದೇ ಪದೇ ನೀರುಗುಳ್ಳೆ ಬರುತ್ತದೆಯೇ, ಐಸೊಟ್ರೆಟಿನಾಯಿನ್ ಅಥವಾ ರಕ್ತ ತೆಳುವಾಗಿಸುವ ಗುಳಿಗೆ ನುಂಗುತ್ತಿದ್ದೀರೇ. ಇದುವರೆಗೆ ಹಚ್ಚಿದ ಟ್ಯೂಬುಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿರಿ. ಭಾಷೆ ತೊಡಕಾದರೂ ಟ್ಯೂಬು ಮಾತಾಡುತ್ತದೆ.

ಹಿರಿಯರಿಗೆ ಒಂದು ಮಾತು

ಸಾಲ ಮಾಡಿ, ಬಂಗಾರ ಒತ್ತೆಯಿಟ್ಟು ಮುಖದ ಚಿಕಿತ್ಸೆ ಮಾಡಿಸುವ ಅಗತ್ಯವಿಲ್ಲ. ಇದು ಜೀವಕ್ಕೆ ಸಂಬಂಧಿಸಿದ ರೋಗವಲ್ಲ. ಈ ವರ್ಷ ಆಗದಿದ್ದರೆ ಮುಂದಿನ ವರ್ಷವೂ ಮಾಡಿಸಬಹುದು. ಹಾಗೆಂದು ಮಕ್ಕಳ ಸಂಕಟವನ್ನು ನಗೆಗೆ ಈಡುಮಾಡುವುದೂ ಸರಿಯಲ್ಲ. ಮುಖದ ಗುಳ್ಳೆಯಿಂದ ಜನರ ಮುಂದೆ ಬರಲು ಹೆದರುವ, ಊಟ ನಿದ್ದೆ ಬಿಡುವ ಮಕ್ಕಳಿದ್ದಾರೆ. ಮಗಳು ದೇವಾಲಯಕ್ಕೂ ಬರಲೊಲ್ಲೆ, ಕಾಲೇಜಿಗೂ ಹೋಗಲೊಲ್ಲೆ ಎನ್ನುತ್ತಿದ್ದರೆ ಅದನ್ನು ಸೊಕ್ಕು ಎನ್ನದೆ ವೈದ್ಯರಿಗೆ ಹೇಳಿರಿ.

ನಮ್ಮ ದೇಶದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ. ಅದಕ್ಕೆ ಮೊದಲು ಹುಟ್ಟಿದವರಲ್ಲಿ ಮುಖದ ತುಂಬ ಸಿಡುಬಿನ ಗುರುತು ಹೊತ್ತ ಎಷ್ಟೋ ಅಜ್ಜ-ಅಜ್ಜಿಯರನ್ನು ನಾವೆಲ್ಲ ನೋಡಿದ್ದೇವೆ. ಅವರಿಗೆ ಮದುವೆಯಾಯಿತು, ಮಕ್ಕಳಾದರು, ಹೊಲ ಮನೆ ಕಟ್ಟಿದರು. ಹೆಣ್ಣು ನೋಡಲು ಹೋಗುವಾಗ ಗಂಡಿನ ಕಡೆಯವರು ಇದನ್ನೊಮ್ಮೆ ನೆನಪಿಸಿಕೊಂಡರೆ ಅರ್ಧ ಚಿಕಿತ್ಸೆ ಅಲ್ಲೇ ಆದಂತೆ.

ನೆನಪಿನಲ್ಲಿಡಿರಿ

ಗುಳ್ಳೆಗೆ ಬೇಗ ಮದ್ದು ಮಾಡಿರಿ, ಹಿಚುಕಬೇಡಿರಿ. ಚೀಟಿಯಿಲ್ಲದೆ ಟ್ಯೂಬು ತರಬೇಡಿರಿ. ಕಲೆಯೋ ತಗ್ಗೋ ಎಂದು ಮೊದಲು ತಿಳಿಯಿರಿ. ಗುಳ್ಳೆ ನಿಂತ ಮೇಲೆ ಚರ್ಮದ ವೈದ್ಯರಿಂದಲೇ ಚಿಕಿತ್ಸೆ ಮಾಡಿಸಿರಿ. ಬಿಸಿಲಿನಿಂದ ಕಾಪಾಡಿಕೊಳ್ಳಿರಿ. ಕಡಿಮೆಯಾಗುವುದೆಂದು ನಂಬಿರಿ, ಮಾಯವಾಗುವುದೆಂದು ಹಣ ಕೊಡಬೇಡಿರಿ.